ಸ್ವಂತ ಕಾರಿಲ್ಲ, ಲೈಸೆನ್ಸ್ ಸಸ್ಪೆಂಡ್ ಆಗಿದೆ: ಅಮೆರಿಕದಲ್ಲಿ ನಾನ್-ಓನರ್ ಇನ್ಶೂರೆನ್ಸ್ ತೆಗೆದುಕೊಳ್ಳುವ ಬಗೆ

ಅಮೆರಿಕದಲ್ಲಿ ಲೈಸೆನ್ಸ್ ಸಸ್ಪೆಂಡ್ ಆದರೆ ಡಿಎಂವಿಯಿಂದ, ಅಂದರೆ ಲೈಸೆನ್ಸ್ ನೋಡಿಕೊಳ್ಳುವ ರಾಜ್ಯದ ಕಚೇರಿಯಿಂದ, ಒಂದು ಪತ್ರ ಬರುತ್ತದೆ. ಮತ್ತೆ ಲೈಸೆನ್ಸ್ ಬೇಕಾದರೆ ಏನೇನು ಮಾಡಬೇಕು ಅನ್ನುವ ಪಟ್ಟಿ ಅದರಲ್ಲಿರುತ್ತದೆ. ದಂಡ ಕಟ್ಟಿ, ಕ್ಲಾಸಿಗೆ ಹೋಗಿ, ಇಷ್ಟು ತಿಂಗಳು ಕಾಯಿರಿ ಅನ್ನುವುದೆಲ್ಲ ಅರ್ಥವಾಗುವ ಮಾತು. ತಲೆ ಕೆಡಿಸುವುದು ನಡುವಿನ ಒಂದು ಸಾಲು: ಎಸ್‌ಆರ್-22 ಸಲ್ಲಿಸಬೇಕು. ಅದು ನೀವು ತುಂಬಿ ಕೊಡುವ ಫಾರಂ ಅಲ್ಲ, ಇನ್ಶೂರೆನ್ಸ್ ಕಂಪನಿಯವರೇ ಸರ್ಕಾರಕ್ಕೆ ಕಳಿಸಬೇಕಾದ ಕಾಗದ. ನಿಮ್ಮ ಹತ್ತಿರ ನೋಡಿದರೆ ಕಾರೇ ಇಲ್ಲ. ಕೇಸು, ವಕೀಲರು ಅಂತ ಖರ್ಚಾಗಿ ಮಾರಿಬಿಟ್ಟಿರುತ್ತೀರಿ, ಇಲ್ಲವೇ ಮೊದಲಿಂದಲೂ ಗೆಳೆಯರ ಕಾರು, ಬಾಡಿಗೆ ಕಾರಲ್ಲೇ ಕಾಲ ಹಾಕಿದವರು. ಕಾರಿಲ್ಲದವರಿಗೆ ಕಾರಿನ ಇನ್ಶೂರೆನ್ಸ್ ಯಾರು ಕೊಡುತ್ತಾರೆ?

ಕೊಡುತ್ತಾರೆ. ಅದಕ್ಕೆ ನಾನ್-ಓನರ್ ಪಾಲಿಸಿ ಅನ್ನುತ್ತಾರೆ. ಕರ್ನಾಟಕದಿಂದ ಬಂದ ನಮಗೆ ಇದು ವಿಚಿತ್ರವಾಗಿ ಕಾಣುವುದಕ್ಕೆ ಕಾರಣವಿದೆ. ಭಾರತದಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರುವುದು ಗಾಡಿಯ ಮೇಲೆ. ಗಾಡಿ ನಂಬರ್ ಇಲ್ಲದೆ ಪಾಲಿಸಿ ಬರೆಯುವುದಿಲ್ಲ. ಅಮೆರಿಕದಲ್ಲೂ ಬಹುಪಾಲು ಪಾಲಿಸಿಗಳು ಗಾಡಿಯ ಜೊತೆಗೇ ಹೋಗುತ್ತವೆ. ನಾನ್-ಓನರ್ ಪಾಲಿಸಿ ಮಾತ್ರ ಮನುಷ್ಯನ ಜೊತೆ ಹೋಗುತ್ತದೆ: ನೀವು ಬೇರೆಯವರ ಕಾರು ಓಡಿಸುವಾಗ ಯಾರಿಗಾದರೂ ಪೆಟ್ಟು ಮಾಡಿದರೆ, ಯಾರದಾದರೂ ಆಸ್ತಿ ಹಾಳು ಮಾಡಿದರೆ ಅದರ ಹೊಣೆಯನ್ನು ಒಂದು ಮಿತಿಯವರೆಗೆ ಕಂಪನಿ ಹೊರುತ್ತದೆ.

ಎಸ್‌ಆರ್-22 ಇನ್ಶೂರೆನ್ಸ್ ಅಲ್ಲ ಅನ್ನುವುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿದ ಹಾಗೆ, ‘ಈ ವ್ಯಕ್ತಿಯ ಹತ್ತಿರ ಕಾನೂನು ಕೇಳುವಷ್ಟು ಇನ್ಶೂರೆನ್ಸ್ ಇದೆ, ಅದು ನಿಂತರೆ ನಿಮಗೆ ತಿಳಿಸುತ್ತೇವೆ’ ಎಂದು ಕಂಪನಿ ರಾಜ್ಯಕ್ಕೆ ಕೊಡುವ ಮಾತು ಅದು. ಈ ಎರಡನೆಯ ಭಾಗ, ನಿಂತರೆ ತಿಳಿಸುತ್ತೇವೆ ಅನ್ನುವುದು, ಬಹಳ ಜನರನ್ನು ಮತ್ತೆ ಸಸ್ಪೆನ್ಷನ್‌ಗೆ ತಳ್ಳುತ್ತದೆ. ಪಾಲಿಸಿ ಕೊಳ್ಳುವುದು ಒಂದು ಫೋನ್ ಕಾಲ್‌ನ ಕೆಲಸ. ವರ್ಷಗಟ್ಟಲೆ ಒಂದು ದಿನವೂ ತುಂಡಾಗದಂತೆ ಅದನ್ನು ನಡೆಸಿಕೊಂಡು ಹೋಗುವುದೇ ನಿಜವಾದ ಕೆಲಸ.

ಒಂದು: ಪತ್ರವನ್ನು ಕೂತು ಓದಿ

ಪತ್ರ ಬಂದೇ ಇಲ್ಲ ಅನ್ನುವವರು ಮೊದಲು ಡಿಎಂವಿ ದಾಖಲೆಯಲ್ಲಿ ತಮ್ಮ ವಿಳಾಸ ಯಾವುದಿದೆ ಅಂತ ನೋಡಬೇಕು. ಲೀಸ್ ಮುಗಿಯಿತೆಂದು ಅಪಾರ್ಟ್‌ಮೆಂಟ್ ಬದಲಿಸುವ ನಮ್ಮವರಲ್ಲಿ ವಿಳಾಸ ಬದಲಿಸಲು ಮರೆಯುವವರು ಬಹಳ. ಕ್ಯಾಲಿಫೋರ್ನಿಯಾದಲ್ಲಿ ಮನೆ ಬದಲಿಸಿದ 10 ದಿನದೊಳಗೆ ಡಿಎಂವಿಗೆ ತಿಳಿಸಬೇಕು. ಪತ್ರ ಹಳೇ ಮನೆಗೆ ಹೋಯಿತು, ನನಗೆ ಗೊತ್ತಾಗಲಿಲ್ಲ ಅನ್ನುವ ಸಬೂಬು ನಡೆಯುವುದು ಕಷ್ಟ.

ಪತ್ರದಲ್ಲಿ ಮೂರು ವಿಷಯ ಹುಡುಕಿ. ಸಸ್ಪೆನ್ಷನ್ ಯಾಕೆ ಆಯಿತು, ಯಾವ ಫಾರಂ ಕೇಳಿದ್ದಾರೆ, ಎಷ್ಟು ಕಾಲ ಅದು ಜಾರಿಯಲ್ಲಿರಬೇಕು. ಕುಡಿದು ಓಡಿಸಿದ್ದು, ಅಂದರೆ ಡಿಯುಐ, ಎಲ್ಲರಿಗೂ ಗೊತ್ತಿರುವ ಕಾರಣ. ಅದೊಂದೇ ಅಲ್ಲ. ಇನ್ಶೂರೆನ್ಸ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದದ್ದು, ಇನ್ಶೂರೆನ್ಸ್ ಇಲ್ಲದಾಗ ಅಪಘಾತವಾದದ್ದು, ಸಂಚಾರ ನಿಯಮ ಮುರಿದಾಗ ದಾಖಲೆಗೆ ಸೇರುವ ಪಾಯಿಂಟುಗಳು ಮಿತಿ ಮೀರಿದ್ದು, ಅಪಘಾತದ ಪರಿಹಾರ ಕೊಡಿ ಎಂದು ಕೋರ್ಟು ಹೇಳಿದ ಹಣ ಕಟ್ಟದೇ ಹೋದದ್ದು, ಇವಕ್ಕೂ ಎಸ್‌ಆರ್-22 ಕೇಳುವುದುಂಟು.

ಫಾರಂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಫ್ಲಾರಿಡಾ ಮತ್ತು ವರ್ಜೀನಿಯಾದಲ್ಲಿ ಡಿಯುಐ ಆಗಿದ್ದರೆ ಕೇಳುವುದು ಎಸ್‌ಆರ್-22 ಅಲ್ಲ, ಎಫ್‌ಆರ್-44. ಅದಕ್ಕೆ ಬೇಕಾಗುವ ಇನ್ಶೂರೆನ್ಸ್ ಮೊತ್ತ ಬಹಳ ಹೆಚ್ಚು. ಫ್ಲಾರಿಡಾದಲ್ಲಿ ಒಬ್ಬರ ಗಾಯಕ್ಕೆ 1 ಲಕ್ಷ ಡಾಲರ್, ಒಂದು ಅಪಘಾತದ ಎಲ್ಲ ಗಾಯಾಳುಗಳಿಗೆ ಸೇರಿ 3 ಲಕ್ಷ, ಆಸ್ತಿ ನಷ್ಟಕ್ಕೆ 50 ಸಾವಿರ ಇರಬೇಕು. ವರ್ಜೀನಿಯಾದಲ್ಲಿ ರಾಜ್ಯದ ಕನಿಷ್ಠ ಮೊತ್ತದ ಎರಡು ಪಟ್ಟು. ಅಲ್ಲಿರುವವರು ಏಜೆಂಟಿಗೆ ಎಸ್‌ಆರ್-22 ಬೇಕು ಎಂದು ಹೇಳಿ, ಅವರು ಅದನ್ನೇ ಕಳಿಸಿದರೆ, ದುಡ್ಡೂ ಹೋಯಿತು ಲೈಸೆನ್ಸೂ ಬರಲಿಲ್ಲ. ಇನ್ನು ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಮಿನೆಸೋಟದಂಥ ಕೆಲವು ರಾಜ್ಯಗಳಲ್ಲಿ ಎಸ್‌ಆರ್-22 ಪದ್ಧತಿಯೇ ಇಲ್ಲ.

ಅವಧಿಯ ಲೆಕ್ಕವೂ ಒಂದೇ ಥರ ಅಲ್ಲ. ಕ್ಯಾಲಿಫೋರ್ನಿಯಾ, ಇಲಿನಾಯ್‌ಗಳಲ್ಲಿ ಸಾಮಾನ್ಯವಾಗಿ 3 ವರ್ಷ. ಟೆಕ್ಸಾಸ್‌ನಲ್ಲಿ 2 ವರ್ಷ, ಅದೂ ಶಿಕ್ಷೆಯಾದ ದಿನದಿಂದ. ಎಲ್ಲಿಂದ ಎಣಿಸಬೇಕು ಅನ್ನುವುದು ಮುಖ್ಯ, ಯಾಕೆಂದರೆ ಕೊನೆಯಲ್ಲಿ ಪಾಲಿಸಿ ಯಾವತ್ತು ನಿಲ್ಲಿಸಬಹುದು ಅನ್ನುವುದು ಅದರ ಮೇಲೆ ನಿಂತಿದೆ. ಪತ್ರದಲ್ಲಿ ತಾರೀಕು ಸ್ಪಷ್ಟವಾಗಿ ಇಲ್ಲದಿದ್ದರೆ ಡಿಎಂವಿಗೆ ಫೋನ್ ಮಾಡಿ ಕೇಳಿ ಬರೆದಿಟ್ಟುಕೊಳ್ಳಿ. ಕಚೇರಿಯ ಹೆಸರು ಎಲ್ಲೆಡೆ ಡಿಎಂವಿ ಅಲ್ಲ: ಟೆಕ್ಸಾಸ್‌ನಲ್ಲಿ ಲೈಸೆನ್ಸ್ ನೋಡಿಕೊಳ್ಳುವುದು ಡಿಪಿಎಸ್ (ಸಾರ್ವಜನಿಕ ಸುರಕ್ಷತಾ ಇಲಾಖೆ), ಇಲಿನಾಯ್‌ನಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಈ ಬರಹದಲ್ಲಿ ಅನುಕೂಲಕ್ಕೆ ಎಲ್ಲವನ್ನೂ ಡಿಎಂವಿ ಅನ್ನುತ್ತೇನೆ.

ಡಿಯುಐ ಆಗಿ ಇನ್ನೂ ಕೆಲವೇ ದಿನಗಳಾಗಿದ್ದರೆ ಇನ್ಶೂರೆನ್ಸಿಗಿಂತ ತುರ್ತಾದ ಕೆಲಸ ಬೇರೆ ಇದೆ. ಸಸ್ಪೆನ್ಷನ್ ಪ್ರಶ್ನಿಸಲು ವಿಚಾರಣೆ ಕೇಳುವ ಗಡುವು ಕ್ಯಾಲಿಫೋರ್ನಿಯಾದಲ್ಲಿ ಬಂಧನವಾಗಿ 10 ದಿನ, ಟೆಕ್ಸಾಸ್‌ನಲ್ಲಿ ನೋಟಿಸ್ ಕೈಗೆ ಬಂದು 15 ದಿನ. ಅದು ಮೀರಿದರೆ ಆ ಅವಕಾಶ ಮುಚ್ಚಿಕೊಂಡಂತೆಯೇ. ವಕೀಲರ ಜೊತೆ ಆ ಮಾತು ಮೊದಲು ಮುಗಿಸಿ. ವೀಸಾದ ಮೇಲಿರುವವರು ಇಮಿಗ್ರೇಷನ್ ವಕೀಲರನ್ನೂ ಕಾಣುವುದು ಒಳ್ಳೆಯದು. ಡಿಯುಐ ಬಂಧನವಾದ ಮೇಲೆ ಅಮೆರಿಕದ ವಿದೇಶಾಂಗ ಇಲಾಖೆ ಪಾಸ್‌ಪೋರ್ಟಿನಲ್ಲಿರುವ ವೀಸಾ ರದ್ದು ಮಾಡಿದ ಉದಾಹರಣೆಗಳಿವೆ. ಹಾಗಾದರೆ ಇಲ್ಲಿ ಕೆಲಸ ಮಾಡಿಕೊಂಡಿರುವುದಕ್ಕೆ ಅದರಿಂದಲೇ ತೊಂದರೆ ಬರಬೇಕೆಂದಿಲ್ಲ, ಆದರೆ ಊರಿಗೆ ಹೋದವರು ಹೊಸ ವೀಸಾ ಇಲ್ಲದೆ ವಾಪಸು ಬರುವಂತಿಲ್ಲ. ಟಿಕೆಟ್ ಬುಕ್ ಮಾಡುವ ಮುಂಚೆ ಗೊತ್ತಿರಬೇಕಾದ ವಿಷಯ.

ಎರಡು: ನಿಮಗೆ ಈ ಪಾಲಿಸಿ ಸಿಗುತ್ತದಾ ಅಂತ ನೋಡಿ

ನಮ್ಮವರು ಹೆಚ್ಚು ಎಡವುವ ಜಾಗ ಇದು, ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಕಾರು ನಿಮ್ಮ ಹೆಸರಲ್ಲಿ ಇಲ್ಲದಿದ್ದರೆ ಸಾಲದು. ನಿಮ್ಮ ಮನೆಯಲ್ಲಿ ಇರುವ ಯಾರ ಹೆಸರಲ್ಲೂ ನೀವು ಓಡಿಸಬಹುದಾದ ಕಾರು ಇರಬಾರದು, ನಿಮಗೆ ಯಾವಾಗ ಬೇಕೋ ಆವಾಗ ಸಿಗುವ ಕಾರೂ ಇರಬಾರದು. ನಾನ್-ಓನರ್ ಪಾಲಿಸಿ ಇರುವುದು ಅಪರೂಪಕ್ಕೆ ಬೇರೆಯವರ ಕಾರು ತೆಗೆದುಕೊಳ್ಳುವವರಿಗೆ. ಪಾಲಿಸಿಯ ಒಳಗೇ ಬರೆದಿರುತ್ತಾರೆ: ಮನೆಯವರ ಕಾರಿಗೆ, ನಿಮ್ಮ ನಿತ್ಯ ಬಳಕೆಗೆ ಕೊಟ್ಟ ಕಾರಿಗೆ ಇದು ಅನ್ವಯಿಸುವುದಿಲ್ಲ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಮನೆಯಲ್ಲಿ ಒಂದು ಕಾರಿದೆ, ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇದೆ. ಗಂಡನ ಲೈಸೆನ್ಸ್ ಸಸ್ಪೆಂಡ್ ಆಯಿತು. ಇಬ್ಬರ ಪಾಲಿಸಿಗೆ ಎಸ್‌ಆರ್-22 ಹಾಕಿದರೆ ಪ್ರೀಮಿಯಂ ಗಗನಕ್ಕೇರುತ್ತದೆ ಅಂತ ಯಾರೋ ಹೇಳುತ್ತಾರೆ. ‘ಟೈಟಲ್ (ಕಾರಿನ ಒಡೆತನದ ಪತ್ರ) ಹೆಂಡತಿ ಹೆಸರಿಗೆ ಮಾಡಿಬಿಡು, ನೀನು ನಾನ್-ಓನರ್ ತಗೋ, ಅಗ್ಗ’ ಅನ್ನುವುದು ಅವರ ಉಪಾಯ. ಟೈಟಲ್ ಬದಲಾಯಿತು, ಏಜೆಂಟಿಗೆ ಮನೆಯಲ್ಲಿ ಕಾರಿಲ್ಲ ಅಂದದ್ದಾಯಿತು, ಪಾಲಿಸಿಯೂ ಬಂತು. ಲೈಸೆನ್ಸ್ ವಾಪಸು ಬಂದ ಮೇಲೆ ಒಂದು ಭಾನುವಾರ ಅದೇ ಕಾರು ಓಡಿಸುತ್ತಾ ಯಾರಿಗೋ ಗುದ್ದಿದರೆ ಆಗ ಗೊತ್ತಾಗುತ್ತದೆ: ನಾನ್-ಓನರ್ ಕಂಪನಿಯವರು ಮನೆಯ ಕಾರಿಗೆ ನಾವು ಕೊಡುವುದಿಲ್ಲ ಅನ್ನುತ್ತಾರೆ. ಅರ್ಜಿಯಲ್ಲಿ ಸುಳ್ಳು ಹೇಳಿದ್ದಕ್ಕೆ ಪಾಲಿಸಿಯನ್ನೇ ಮೊದಲಿಂದ ರದ್ದು ಮಾಡಲೂ ಬಹುದು. ಅತ್ತ ಹೆಂಡತಿಯ ಕಂಪನಿಯವರು ಮನೆಯಲ್ಲಿರುವ ಈ ಡ್ರೈವರ್ ವಿಷಯ ನಮಗೆ ಯಾಕೆ ಹೇಳಲಿಲ್ಲ ಅಂತ ತಿರುಗಿಬೀಳುತ್ತಾರೆ. ಉಳಿಸಿದ ಪ್ರೀಮಿಯಂ ಯಾವ ಮೂಲೆಗೂ ಸಾಲುವುದಿಲ್ಲ.

ಇಂಥವರಿಗೆ ಸರಿಯಾದ ದಾರಿ, ಮನೆಯ ಪಾಲಿಸಿಯಲ್ಲೇ ಹೆಸರು ಉಳಿಸಿಕೊಂಡು ಆ ಕಂಪನಿಯಿಂದಲೇ ಎಸ್‌ಆರ್-22 ಹಾಕಿಸುವುದು. ಇನ್ನೊಂದು ದಾರಿಯೂ ಉಂಟು: ಹೆಂಡತಿಯ ಪಾಲಿಸಿಯಿಂದ ಗಂಡನನ್ನು ‘ಎಕ್ಸ್‌ಕ್ಲೂಡೆಡ್ ಡ್ರೈವರ್’ ಎಂದು ಬರೆಸಿ ಹೊರಗಿಡುವುದು. ಹಾಗೆ ಮಾಡಿದರೆ ಕೆಲವು ಕಂಪನಿಗಳು ಗಂಡನಿಗೆ ನಾನ್-ಓನರ್ ಕೊಡುತ್ತವೆ. ಆಗ ಗಂಡ ಆ ಕಾರಿನ ಸ್ಟೀರಿಂಗ್ ಮುಟ್ಟುವಂತಿಲ್ಲ. ತುರ್ತು, ಆಸ್ಪತ್ರೆ, ಮಗುವಿನ ಶಾಲೆ ಯಾವುದಕ್ಕೂ ವಿನಾಯಿತಿ ಇಲ್ಲ, ಓಡಿಸಿದರೆ ಇನ್ಶೂರೆನ್ಸೇ ಇಲ್ಲದ ಲೆಕ್ಕ. ಮಕ್ಕಳಿರುವ ಮನೆಯಲ್ಲಿ ಇದು ವರ್ಷಗಟ್ಟಲೆ ನಡೆಯುವ ಮಾತಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೀಗೆ ಹೊರಗಿಡುವುದಕ್ಕೆ ಎಲ್ಲ ರಾಜ್ಯಗಳಲ್ಲಿ ಅವಕಾಶವೂ ಇಲ್ಲ.

ರೂಮ್‌ಮೇಟುಗಳ ಜೊತೆ ಇರುವ ಹುಡುಗರ ಕಥೆ ಸ್ವಲ್ಪ ಬೇರೆ. ಮೂವರು ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದು ಒಬ್ಬನ ಹತ್ತಿರ ಕಾರಿದ್ದರೆ ಏಜೆಂಟ್ ಅದನ್ನು ಕೇಳಿಯೇ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆ ಕಾರನ್ನು ಯಾವತ್ತೂ ಮುಟ್ಟುವುದಿಲ್ಲ ಅಂದರೆ ಬಹಳಷ್ಟು ಕಂಪನಿಗಳು ಪಾಲಿಸಿ ಕೊಡುತ್ತವೆ. ಪ್ರತಿ ಶನಿವಾರ ಅದರಲ್ಲೇ ದಿನಸಿ ತರುತ್ತೀರಾದರೆ ಅದು ನಿತ್ಯ ಬಳಕೆಯ ಕಾರು, ನಿಮ್ಮ ಹೆಸರು ಅವನ ಪಾಲಿಸಿಗೆ ಸೇರಬೇಕು. ಕೆಲಸದವರು ಕೊಟ್ಟ ಕಾರಿಗೂ ಇದೇ ಮಾತು.

ಮೂರು: ಏನು ಬರುತ್ತದೆ, ಏನು ಬರುವುದಿಲ್ಲ

ಪಾಲಿಸಿಯ ಮೇಲೆ 30/60/15 ಎಂಬಂಥ ಅಂಕಿಗಳಿರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಇದೇ ಕನಿಷ್ಠ. ಅದಕ್ಕೂ ಮುಂಚೆ 15/30/5 ಇತ್ತು. ಒಬ್ಬ ಗಾಯಾಳುವಿಗೆ 30 ಸಾವಿರ ಡಾಲರ್‌ವರೆಗೆ, ಒಂದು ಅಪಘಾತದಲ್ಲಿ ಎಷ್ಟೇ ಜನರಿದ್ದರೂ ಒಟ್ಟು 60 ಸಾವಿರದವರೆಗೆ, ಆಸ್ತಿ ನಷ್ಟಕ್ಕೆ 15 ಸಾವಿರದವರೆಗೆ ಎಂದು ಅದರ ಅರ್ಥ. ಟೆಕ್ಸಾಸ್‌ನಲ್ಲಿ 30/60/25.

ಗೆಳೆಯನ ಕಾರು ಕೇಳಿ ತೆಗೆದುಕೊಂಡು ಹೋಗಿದ್ದೀರಿ ಅಂದುಕೊಳ್ಳಿ. ಸಿಗ್ನಲ್‌ನಲ್ಲಿ ಮುಂದಿನ ಕಾರಿಗೆ ಗುದ್ದಿದಿರಿ, ಅದರಲ್ಲಿದ್ದ ಒಬ್ಬರ ಆಸ್ಪತ್ರೆ ಖರ್ಚು ಮತ್ತಿತರ ಪರಿಹಾರ ಸೇರಿ 50 ಸಾವಿರ ಡಾಲರ್ ಆಯಿತು. ಮೊದಲು ಕೊಡುವುದು ಗೆಳೆಯನ ಪಾಲಿಸಿ, ಯಾಕೆಂದರೆ ಕಾರು ಅವನದು. ಅವನದೂ 30/60/15 ಆಗಿದ್ದರೆ ಅದು 30 ಸಾವಿರಕ್ಕೆ ನಿಲ್ಲುತ್ತದೆ. ಉಳಿದ 20 ಸಾವಿರ ನಿಮ್ಮ ನಾನ್-ಓನರ್ ಪಾಲಿಸಿಯಿಂದ ಬರುತ್ತದೆ. ನಿಮ್ಮದು ಎರಡನೆಯ ಸಾಲಿನ ರಕ್ಷಣೆ.

ಗೆಳೆಯನ ಕಾರಿನ ಮುಂಭಾಗ ಜಜ್ಜಿಹೋಗಿದೆಯಲ್ಲ, ಅದಕ್ಕೆ ನಿಮ್ಮ ಪಾಲಿಸಿ ಒಂದು ಡಾಲರ್ ಕೊಡುವುದಿಲ್ಲ. ಅವನ ಹತ್ತಿರ ಕೊಲಿಷನ್ ಕವರೇಜ್, ಅಂದರೆ ಗುದ್ದಿದಾಗ ಸ್ವಂತ ಕಾರಿನ ರಿಪೇರಿಗೆ ಕೊಡುವ ರಕ್ಷಣೆ, ಇದ್ದರೆ ಅದರಿಂದ ರಿಪೇರಿ ಆಗಬೇಕು, ಡಿಡಕ್ಟಿಬಲ್, ಅಂದರೆ ಕಂಪನಿ ಕೊಡುವ ಮುಂಚೆ ತಾನೇ ಹಾಕಬೇಕಾದ ಪಾಲು, ಅವನ ಜೇಬಿನಿಂದ, ಮುಂದಿನ ವರ್ಷ ಅವನ ಪ್ರೀಮಿಯಂ ಏರಿದರೆ ಅದೂ ಅವನ ತಲೆಗೆ. ಅವನದು ಎದುರಿನವರ ನಷ್ಟಕ್ಕೆ ಮಾತ್ರ ಕೊಡುವ ಬರೀ ಲಯಬಿಲಿಟಿ ಪಾಲಿಸಿಯಾಗಿದ್ದರೆ ಕಾರು ರಿಪೇರಿ ನಿಮ್ಮಿಬ್ಬರ ನಡುವಿನ ವ್ಯವಹಾರ. ಕೀ ಕೇಳುವ ಮುಂಚೆ ‘ನನ್ನ ರೆಕಾರ್ಡ್ ಹೀಗಿದೆ’ ಅಂತ ಹೇಳಿಬಿಡುವುದು ಮರ್ಯಾದೆ. ಕೆಲವು ಪಾಲಿಸಿಗಳಲ್ಲಿ ಹೆಸರಿಲ್ಲದವರು ಓಡಿಸಿದರೆ ರಕ್ಷಣೆ ಕನಿಷ್ಠಕ್ಕೆ ಇಳಿಯುತ್ತದೆ, ಅವನಿಗೂ ಒಮ್ಮೆ ತನ್ನ ಪಾಲಿಸಿ ತೆರೆದು ನೋಡಲು ಹೇಳಿ.

ನಿಮ್ಮ ಸ್ವಂತ ಗಾಯಕ್ಕೂ ಮೂಲ ಪಾಲಿಸಿಯಲ್ಲಿ ಏನೂ ಇಲ್ಲ. ಮೆಡಿಕಲ್ ಪೇಮೆಂಟ್ಸ್, ಅನ್‌ಇನ್ಶೂರ್ಡ್ ಮೋಟರಿಸ್ಟ್ ಎಂಬ ಎರಡನ್ನು ಬೇಕಾದರೆ ಸೇರಿಸಬಹುದು. ಎರಡನೆಯದನ್ನು ಸೇರಿಸಿ ಅನ್ನುತ್ತೇನೆ ನಾನು. ಇನ್ಶೂರೆನ್ಸ್ ಇಲ್ಲದ ಇನ್ನೊಬ್ಬ ಬಂದು ನಿಮಗೆ ಗುದ್ದಿದರೆ ಉಪಯೋಗಕ್ಕೆ ಬರುವುದು ಅದೇ.

ಬಾಡಿಗೆ ಕಾರಿನಲ್ಲೂ ಇದೇ ನಿಯಮ. ಎದುರಿನವರ ನಷ್ಟಕ್ಕೆ ನಾನ್-ಓನರ್ ಆಗುತ್ತದೆ, ಬಾಡಿಗೆ ಕಾರಿಗೇ ಆದ ಪೆಟ್ಟಿಗೆ ಆಗುವುದಿಲ್ಲ. ಅದಕ್ಕೆ ಬಾಡಿಗೆ ಕಂಪನಿಯ ಡ್ಯಾಮೇಜ್ ವೇವರ್ (ಕಾರಿಗೆ ಪೆಟ್ಟಾದರೆ ನಿಮ್ಮಿಂದ ಕೇಳುವುದಿಲ್ಲ ಎಂಬ ಒಪ್ಪಂದ) ಬೇಕು, ಇಲ್ಲವೇ ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಆ ಸೌಲಭ್ಯವಿರಬೇಕು. ಕ್ರೆಡಿಟ್ ಕಾರ್ಡಿನವರು ಬಾಡಿಗೆ ಕಾರಿನ ನಷ್ಟ ಮಾತ್ರ ನೋಡುತ್ತಾರೆ, ಎದುರಿನವರದು ನೋಡುವುದಿಲ್ಲ. ಹಾಗಾಗಿ ಇವೆರಡೂ ಸೇರಿದರೆ ಜೋಡಿ ಸರಿಹೋಗುತ್ತದೆ. ಸಸ್ಪೆನ್ಷನ್ ದಾಖಲೆ ನೋಡಿ ಬಾಡಿಗೆ ಕಂಪನಿಯವರು ಕಾರನ್ನೇ ಕೊಡದೇ ಇರಬಹುದು, ಅದು ಬೇರೆ ಮಾತು. ಜಿಪ್‌ಕಾರ್‌ನಂಥ ಸೇವೆಗಳು ಸದಸ್ಯತ್ವಕ್ಕೇ ಡ್ರೈವಿಂಗ್ ದಾಖಲೆ ತೆಗೆದು ನೋಡುತ್ತವೆ.

ಊಬರ್, ಲಿಫ್ಟ್, ಊಟ ತಲುಪಿಸುವ ಕೆಲಸ ಯಾವುದಕ್ಕೂ ಇದು ಸಲ್ಲುವುದಿಲ್ಲ.

ಪಾಲಿಸಿ ಕೈಗೆ ಬಂದ ಮಾತ್ರಕ್ಕೆ ಓಡಿಸಲು ಅನುಮತಿ ಸಿಕ್ಕಂತಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. ಲೈಸೆನ್ಸ್ ವಾಪಸು ಬರುವವರೆಗೆ, ಇಲ್ಲವೇ ಕೆಲಸಕ್ಕೆ ಹೋಗಿಬರಲು ರಿಸ್ಟ್ರಿಕ್ಟೆಡ್ ಲೈಸೆನ್ಸ್ ಸಿಗುವವರೆಗೆ, ಓಡಿಸಿದರೆ ಅದು ಹೊಸ ಅಪರಾಧ. ಬೆಂಗಳೂರಲ್ಲಿ ಮಾಡಿಸಿದ ಲೈಸೆನ್ಸ್ ಇದೆಯಲ್ಲ, ಇಂಟರ್‌ನ್ಯಾಷನಲ್ ಪರ್ಮಿಟ್ ಇದೆಯಲ್ಲ ಅನ್ನುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ಸಸ್ಪೆಂಡ್ ಆಗಿರುವುದು ಆ ರಾಜ್ಯದಲ್ಲಿ ಓಡಿಸುವ ನಿಮ್ಮ ಹಕ್ಕು, ಬರೀ ಪ್ಲಾಸ್ಟಿಕ್ ಕಾರ್ಡ್ ಅಲ್ಲ.

ನಾಲ್ಕು: ಯಾರಿಗೆ ಫೋನ್ ಮಾಡಬೇಕು, ಏನು ಹೇಳಬೇಕು

ಗೈಕೊ, ಪ್ರೋಗ್ರೆಸಿವ್, ಸ್ಟೇಟ್ ಫಾರ್ಮ್‌ನಂಥ ದೊಡ್ಡ ಕಂಪನಿಗಳಲ್ಲೂ ನಾನ್-ಓನರ್ ಪಾಲಿಸಿ ಉಂಟು. ಆದರೆ ವೆಬ್‌ಸೈಟಿನಲ್ಲಿ ಕೋಟ್ ತೆಗೆಯಲು ಹೋದರೆ ಮೊದಲ ಪುಟದಲ್ಲೇ ಕಾರಿನ ವರ್ಷ, ಮಾಡೆಲ್ ಕೇಳಿ ಮುಂದಕ್ಕೆ ಬಿಡುವುದಿಲ್ಲ. ಇದು ಫೋನಿನಲ್ಲಿ ಆಗುವ ಕೆಲಸ. ಹಳೆಯ ಕಂಪನಿಯಿಂದ ಶುರು ಮಾಡಿ, ಆಮೇಲೆ ಹಲವು ಕಂಪನಿಗಳ ಪಾಲಿಸಿ ಮಾರುವ ಇಂಡಿಪೆಂಡೆಂಟ್ ಏಜೆಂಟ್ ಒಬ್ಬರನ್ನು ಹಿಡಿಯಿರಿ. ಎಸ್‌ಆರ್-22 ಕೇಸುಗಳನ್ನೇ ಹೆಚ್ಚು ಮಾಡುವ ಸಣ್ಣ ಕಚೇರಿಗಳಿಗೆ ಈ ಕೆಲಸ ಬಾಯಿಪಾಠ. ಕೆಲವರು ಬ್ರೋಕರ್ ಫೀ ಅಂತ ಪ್ರತ್ಯೇಕವಾಗಿ ತೆಗೆದುಕೊಳ್ಳುತ್ತಾರೆ, ಅದು ಎಷ್ಟು, ಪಾಲಿಸಿ ಬಿಟ್ಟರೆ ವಾಪಸು ಬರುತ್ತದಾ ಎಂದು ಮೊದಲೇ ಕೇಳಿ.

ಫೋನ್ ಹಿಡಿಯುವ ಮುಂಚೆ ಮೇಜಿನ ಮೇಲೆ ಇರಬೇಕಾದ್ದು: ಲೈಸೆನ್ಸ್ ನಂಬರ್, ಸಸ್ಪೆನ್ಷನ್ ಪತ್ರ, ಅದರಲ್ಲಿರುವ ಕೇಸ್ ನಂಬರ್ ಇದ್ದರೆ ಅದು, ಶಿಕ್ಷೆಯಾದ ತಾರೀಕು, ಹಿಂದಿನ ಪಾಲಿಸಿ ಮುಗಿದ ತಾರೀಕು. ಫೋನಿನಲ್ಲಿ ಮೊದಲ ಮಾತಲ್ಲೇ ಎಲ್ಲ ಹೇಳಿಬಿಡಿ: ‘ನನ್ನ ಹತ್ತಿರ ಕಾರಿಲ್ಲ, ಮನೆಯಲ್ಲಿ ಯಾರ ಹತ್ತಿರವೂ ಇಲ್ಲ. ಲೈಸೆನ್ಸ್ ಈಗ ಸಸ್ಪೆಂಡ್ ಆಗಿದೆ. ನನಗೆ ನಾನ್-ಓನರ್ ಪಾಲಿಸಿ, ಅದರ ಜೊತೆ ಇಂಥ ರಾಜ್ಯಕ್ಕೆ ಎಸ್‌ಆರ್-22 ಫೈಲಿಂಗ್ ಬೇಕು.’ ಸಸ್ಪೆಂಡ್ ಆದ ಲೈಸೆನ್ಸಿಗೆ ಪಾಲಿಸಿ ಕೊಡದ ಕಂಪನಿಗಳೂ ಇವೆ. ಆ ಮಾತು ಮೊದಲೇ ಬಂದರೆ ಅರ್ಧ ಗಂಟೆ ಪ್ರಶ್ನೆಗೆಲ್ಲ ಉತ್ತರ ಕೊಟ್ಟ ಮೇಲೆ ಆಗುವುದಿಲ್ಲ ಅನ್ನಿಸಿಕೊಳ್ಳುವುದು ತಪ್ಪುತ್ತದೆ.

ಆ ಕಡೆಯವರು ‘ಓನರ್ಸ್ ಫೈಲಿಂಗಾ, ಆಪರೇಟರ್ಸ್ ಫೈಲಿಂಗಾ’ ಅಂತ ಕೇಳಬಹುದು. ನಿಮ್ಮದು ಆಪರೇಟರ್ಸ್: ನೀವು ಓಡಿಸುವ, ನಿಮ್ಮದಲ್ಲದ ಕಾರಿಗೆ ಸಂಬಂಧಿಸಿದ್ದು. ಇಲಿನಾಯ್‌ನಲ್ಲಿ ಇವೆರಡೂ ಬೇರೆ ಬೇರೆ ಸರ್ಟಿಫಿಕೇಟುಗಳು, ಎರಡೂ ಸೇರಿದ ಮೂರನೆಯದೂ ಇದೆ.

ದರದ ಬಗ್ಗೆ ಒಂದೆರಡು ಮಾತು. ಎಸ್‌ಆರ್-22 ಕಳಿಸುವ ಫೀ ಸಾಮಾನ್ಯವಾಗಿ 15ರಿಂದ 50 ಡಾಲರ್ ಒಳಗೆ, ಜನ ಹೆದರುವಷ್ಟೇನಲ್ಲ. ಪ್ರೀಮಿಯಂ ಏರಿಸುವುದು ಅದರ ಹಿಂದಿರುವ ಡಿಯುಐ ಅಥವಾ ಇನ್ಶೂರೆನ್ಸ್ ಇಲ್ಲದ ಕಾಲ. ಹಾಗಿದ್ದರೂ ಸ್ವಂತ ಕಾರಿನ ಪಾಲಿಸಿಗಿಂತ ನಾನ್-ಓನರ್ ಸಾಮಾನ್ಯವಾಗಿ ಅಗ್ಗ. ಒಂದೇ ರೆಕಾರ್ಡಿಗೆ ಎರಡು ಕಂಪನಿಗಳ ದರ ಅಜಗಜಾಂತರ ಇರುವುದು ಮಾಮೂಲು, ಆದ್ದರಿಂದ ಮೂರು ನಾಲ್ಕು ಕಡೆ ಕೇಳಿ. ಕೇಳುವಾಗ ಎಲ್ಲರಿಗೂ ಒಂದೇ ಮಿತಿ ಹೇಳಿ, ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ. ಕನಿಷ್ಠ ಮಿತಿಯ ಜೊತೆಗೆ 100/300/100ರ ದರವನ್ನೂ ಕೇಳಿ ನೋಡಿ. ಒಳ್ಳೆಯ ಸಂಬಳ, ಉಳಿತಾಯ ಇರುವವರ ಮೇಲೆ ಮಿತಿ ಮೀರಿದ ಮೊತ್ತಕ್ಕೆ ದಾವೆ ಹೂಡುವುದು ಇಲ್ಲಿ ಸಾಮಾನ್ಯ, ನಡುವಿನ ವ್ಯತ್ಯಾಸ ಎಷ್ಟೋ ಸಲ ಅಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತದೆ.

ಎಲ್ಲರೂ ಆಗುವುದಿಲ್ಲ ಅಂದರೆ ಕೊನೆಯ ಬಾಗಿಲು ಅಸೈನ್ಡ್ ರಿಸ್ಕ್ ಪ್ಲ್ಯಾನ್. ಯಾರೂ ಪಾಲಿಸಿ ಕೊಡದವರನ್ನು ಕಂಪನಿಗಳ ನಡುವೆ ಹಂಚುವ ವ್ಯವಸ್ಥೆ ಅದು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಕಾರ್ಪ್ ಎಂದೂ ಟೆಕ್ಸಾಸ್‌ನಲ್ಲಿ ಟೈಪಾ ಎಂದೂ ಹೆಸರು. ಟೈಪಾಗೆ ಹೋಗಬೇಕಾದರೆ ಕನಿಷ್ಠ ಎರಡು ಕಂಪನಿಗಳು ನಿಮ್ಮನ್ನು ನಿರಾಕರಿಸಿರಬೇಕು.

ಐದು: ಡಿಎಂವಿಗೆ ಮುಟ್ಟಿತಾ ನೋಡಿ

ಹಣ ಕಟ್ಟಿದ ಮೇಲೆ ಕಂಪನಿ ಎಸ್‌ಆರ್-22 ಅನ್ನು ರಾಜ್ಯಕ್ಕೆ ಕಳಿಸುತ್ತದೆ, ಈಗ ಹೆಚ್ಚಿನ ಕಡೆ ಆನ್‌ಲೈನಿನಲ್ಲೇ. ಅದೇ ದಿನ ದಾಖಲಾಗಬಹುದು, ಕೆಲವು ದಿನ ಹಿಡಿಯಲೂಬಹುದು. ಅದರ ಒಂದು ಪ್ರತಿಯನ್ನು ಇಮೇಲ್‌ನಲ್ಲಿ ತರಿಸಿಕೊಂಡು ಹೆಸರಿನ ಕಾಗುಣಿತ, ಜನ್ಮ ದಿನಾಂಕ, ಲೈಸೆನ್ಸ್ ನಂಬರ್ ಒಂದೊಂದಾಗಿ ತಾಳೆ ನೋಡಿ. ನಮ್ಮ ಹೆಸರುಗಳಲ್ಲಿ ಇದು ಬರೀ ಶಿಷ್ಟಾಚಾರ ಅಲ್ಲ. ಅಪ್ಪನ ಹೆಸರು ಸರ್‌ನೇಮ್ ಜಾಗದಲ್ಲಿ, ಊರಿನ ಹೆಸರು ಮಿಡ್ಲ್ ನೇಮ್ ಜಾಗದಲ್ಲಿ, ಪಾಸ್‌ಪೋರ್ಟಲ್ಲಿ ಒಂದು ಥರ, ಲೈಸೆನ್ಸಲ್ಲಿ ಇನ್ನೊಂದು ಥರ ಇರುತ್ತದೆ. ಪಾಲಿಸಿ ಬರೆಸುವಾಗ ಲೈಸೆನ್ಸಿನಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರ ಅಕ್ಷರವೂ ಬರೆಸಿ. ಹೊಂದಾಣಿಕೆಯಾಗದಿದ್ದರೆ ಫೈಲಿಂಗ್ ನಿಮ್ಮ ದಾಖಲೆಗೆ ಸೇರದೆ ಎಲ್ಲೋ ಕೂತಿರುತ್ತದೆ.

ಕೆಲವು ದಿನ ಬಿಟ್ಟು ಡಿಎಂವಿಯ ಆನ್‌ಲೈನ್ ಖಾತೆಯಲ್ಲೋ ಫೋನಿನಲ್ಲೋ ಖಚಿತ ಮಾಡಿಕೊಳ್ಳಿ. ಏಜೆಂಟ್ ಕಳಿಸಿದ್ದೇವೆ ಅನ್ನುವುದು ಬೇರೆ, ಡಿಎಂವಿ ಬಂದಿದೆ ಅನ್ನುವುದು ಬೇರೆ.

ಉಳಿದ ಶರತ್ತುಗಳನ್ನೂ ಮುಗಿಸಬೇಕಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಡಿಯುಐಗೆ ಡಿಎಂವಿಯ ಸಸ್ಪೆನ್ಷನ್ 4 ತಿಂಗಳು, ಲೈಸೆನ್ಸ್ ಮರಳಿ ಕೊಡಲು ಫೀ 125 ಡಾಲರ್, ಜೊತೆಗೆ ಡಿಯುಐ ಕ್ಲಾಸು. ಅವಧಿ ಮುಗಿಯುವ ಮೊದಲೇ ರಿಸ್ಟ್ರಿಕ್ಟೆಡ್ ಲೈಸೆನ್ಸ್ ಬೇಕಾದರೆ ಅದಕ್ಕೂ ಎಸ್‌ಆರ್-22 ಬೇಕು, ಹಾಗಾಗಿ ಸಸ್ಪೆನ್ಷನ್ ಮುಗಿಯಲಿ ಆಮೇಲೆ ಇನ್ಶೂರೆನ್ಸ್ ನೋಡೋಣ ಅನ್ನುವುದು ಅಷ್ಟು ಜಾಣ ಲೆಕ್ಕವಲ್ಲ. ಕಾರಿಗೆ ಇಗ್ನಿಷನ್ ಇಂಟರ್‌ಲಾಕ್, ಅಂದರೆ ಊದಿದರೆ ಮಾತ್ರ ಸ್ಟಾರ್ಟ್ ಆಗುವ ಯಂತ್ರ, ಇರಬೇಕೆಂಬ ಆದೇಶ ಇದ್ದವರು ಅದಿಲ್ಲದ ಗೆಳೆಯನ ಕಾರನ್ನೂ ಓಡಿಸುವಂತಿಲ್ಲ. ಇಂಥವರಿಗೆ ನಾನ್-ಓನರ್ ಪಾಲಿಸಿ ದಾಖಲೆಗೆ ಸರಿ, ರಸ್ತೆಗೆ ಅಷ್ಟು ಉಪಯೋಗವಿಲ್ಲ.

ಆರು: ತುಂಡಾಗದಂತೆ ನೋಡಿಕೊಳ್ಳಿ

ಪಾಲಿಸಿ ನಿಂತರೆ ಕಂಪನಿ ಎಸ್‌ಆರ್-26 ಎಂಬ ಇನ್ನೊಂದು ಕಾಗದವನ್ನು ರಾಜ್ಯಕ್ಕೆ ಕಳಿಸುತ್ತದೆ. ಅದು ಹೋದರೆ ಲೈಸೆನ್ಸ್ ಮತ್ತೆ ಸಸ್ಪೆಂಡ್. ಕೆಲವು ರಾಜ್ಯಗಳಲ್ಲಿ ಅವಧಿಯ ಎಣಿಕೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಎರಡೂವರೆ ವರ್ಷ ಕಟ್ಟಿದ್ದು ನೀರಿಗೆ ಹೋದಂತೆ.

ನಿಲ್ಲುವುದಕ್ಕೆ ದೊಡ್ಡ ಕಾರಣವೇ ಬೇಕಿಲ್ಲ. ಆಟೋಪೇಗೆ ಹಾಕಿದ್ದ ಕಾರ್ಡಿನ ಅವಧಿ ಮುಗಿಯುತ್ತದೆ. ಬ್ಯಾಂಕ್ ಹೊಸ ಕಾರ್ಡ್ ಕಳಿಸುತ್ತದೆ, ಹೊಸ ನಂಬರನ್ನು ಇನ್ಶೂರೆನ್ಸಿನವರಿಗೆ ಕೊಡುವುದು ಮರೆಯುತ್ತದೆ. ಅವರ ಎಚ್ಚರಿಕೆ ಇಮೇಲ್ ಪ್ರಮೋಷನ್ಸ್ ಫೋಲ್ಡರಿನಲ್ಲಿ ಕೂತಿರುತ್ತದೆ. ಕೈಯಲ್ಲಿ ಹಣವಿದ್ದರೆ 6 ತಿಂಗಳದ್ದು ಒಂದೇ ಸಲ ಕಟ್ಟಿ, ಇದಕ್ಕೆ ಕಂಪನಿಗಳು ರಿಯಾಯಿತಿ ಕೊಡುವುದೂ ಉಂಟು. ತಿಂಗಳ ಕಂತಾದರೆ ಕಾರ್ಡಿನ ಬದಲು ಬ್ಯಾಂಕ್ ಖಾತೆ ಜೋಡಿಸಿ. ರಿನ್ಯೂವಲ್ ತಾರೀಕಿಗೆ ಮೂರು ವಾರ ಮುಂಚೆ ಫೋನಿನಲ್ಲಿ ರಿಮೈಂಡರ್ ಹಾಕಿ.

ಊರಿಗೆ ಹೋಗುವವರ ಲೆಕ್ಕಾಚಾರವೊಂದಿದೆ: ಎರಡು ತಿಂಗಳು ಮೈಸೂರಲ್ಲಿ ಇರುತ್ತೇನೆ, ಇಲ್ಲಿ ಕಾರೇ ಓಡಿಸುವುದಿಲ್ಲ, ಸುಮ್ಮನೆ ಯಾಕೆ ಕಟ್ಟಲಿ, ನಿಲ್ಲಿಸಿ ಬಂದ ಮೇಲೆ ಶುರು ಮಾಡೋಣ. ಹಾಗೆ ಮಾಡಬೇಡಿ. ನೀವು ಓಡಿಸುತ್ತೀರೋ ಇಲ್ಲವೋ ರಾಜ್ಯಕ್ಕೆ ಬೇಕಿಲ್ಲ, ಫೈಲಿಂಗ್ ಜಾರಿಯಲ್ಲಿದೆಯಾ ಅನ್ನುವುದಷ್ಟೇ ಅವರು ನೋಡುವುದು. ಮದುವೆ, ಗೃಹಪ್ರವೇಶದ ಓಡಾಟದಲ್ಲಿ ಕಂತು ತಪ್ಪದಂತೆ ಹೊರಡುವ ಮುಂಚೆಯೇ ಕಟ್ಟಿಬಿಡಿ.

ಕಂಪನಿ ಬದಲಿಸಬೇಕೆನಿಸಿದರೆ ಹೊಸದು ಶುರುವಾಗಿ, ಅದರ ಎಸ್‌ಆರ್-22 ಡಿಎಂವಿಗೆ ಮುಟ್ಟಿದ್ದು ಖಾತ್ರಿಯಾದ ಮೇಲೆ ಹಳೆಯದನ್ನು ನಿಲ್ಲಿಸಿ. ನಾಲ್ಕು ದಿನ ಎರಡಕ್ಕೂ ಕಟ್ಟಿದರೂ ಚಿಂತೆಯಿಲ್ಲ. ಕಾರು ಕೊಂಡಾಗಲೂ ಇದೇ ಕ್ರಮ. ಕೊಂಡ ಕ್ಷಣದಿಂದ ನೀವು ನಾನ್-ಓನರ್ ಅಲ್ಲ, ಆ ಪಾಲಿಸಿ ನಿಮ್ಮ ಹೊಸ ಕಾರಿಗೆ ಸಲ್ಲುವುದಿಲ್ಲ. ಡೀಲರ್ ಹತ್ತಿರ ಸಹಿ ಹಾಕುವ ಮುಂಚೆ ಏಜೆಂಟಿಗೆ ಫೋನ್ ಮಾಡಿ ಓನರ್ಸ್ ಪಾಲಿಸಿ, ಓನರ್ಸ್ ಫೈಲಿಂಗ್ ಎರಡೂ ಸಿದ್ಧ ಮಾಡಿಸಿಕೊಳ್ಳಿ. ಮದುವೆಯಾಗಿ ಬಂದ ಸಂಗಾತಿಯ ಹತ್ತಿರ ಕಾರಿದ್ದರೂ, ಕಾರಿರುವ ಅಣ್ಣನ ಮನೆಗೆ ವಾಸ ಬದಲಿಸಿದರೂ ಏಜೆಂಟಿಗೆ ತಿಳಿಸಲೇಬೇಕು.

ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋದರೆ ಎಸ್‌ಆರ್-22 ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಕೇಳಿದ ರಾಜ್ಯದ ದಾಖಲೆಯಲ್ಲಿ ಅದು ಹಾಗೇ ಉಳಿದಿರುತ್ತದೆ. ಹೊಸ ರಾಜ್ಯದವರು ಲೈಸೆನ್ಸ್ ಕೊಡುವ ಮುಂಚೆ ರಾಷ್ಟ್ರಮಟ್ಟದ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಹುಡುಕುತ್ತಾರೆ, ಹಳೇ ಸಸ್ಪೆನ್ಷನ್ ಇದ್ದರೆ ಅದನ್ನು ಬಗೆಹರಿಸಿಕೊಂಡು ಬನ್ನಿ ಅನ್ನುತ್ತಾರೆ. ಹೊಸ ಊರಿನಲ್ಲಿ ಪಾಲಿಸಿ ತೆಗೆದುಕೊಂಡು ಹಳೇ ರಾಜ್ಯಕ್ಕೆ ಫೈಲ್ ಮಾಡುವ ಕಂಪನಿ ಹುಡುಕಬೇಕು. ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿಗೆ ಹೋದವರಿಗೆ ಇದು ಸ್ವಲ್ಪ ತಲೆನೋವು: ಅಲ್ಲಿ ಆ ಪದ್ಧತಿಯೇ ಇಲ್ಲದ್ದರಿಂದ ಸ್ಥಳೀಯ ಏಜೆಂಟಿಗೆ ಏನು ಕೇಳುತ್ತಿದ್ದೀರಿ ಅಂತ ತಿಳಿಯದೇ ಇರಬಹುದು. ಹಲವು ರಾಜ್ಯಗಳಲ್ಲಿ ವ್ಯವಹಾರ ಇರುವ ಕಂಪನಿಗೆ ನೇರವಾಗಿ ಫೋನ್ ಮಾಡಿ, ‘ಔಟ್ ಆಫ್ ಸ್ಟೇಟ್ ಎಸ್‌ಆರ್-22 ಫೈಲಿಂಗ್’ ಅಂತಲೇ ಕೇಳಿ.

ಅವಧಿ ಮುಗಿಯಿತೆಂದು ನಿಮ್ಮ ಕ್ಯಾಲೆಂಡರ್ ಹೇಳಿದ ದಿನವೇ ಪಾಲಿಸಿ ನಿಲ್ಲಿಸಲು ಹೋಗಬೇಡಿ. ಡಿಎಂವಿಯನ್ನು ಕೇಳಿ, ‘ಇನ್ನು ಬೇಕಿಲ್ಲ’ ಅನ್ನುವುದನ್ನು ಪತ್ರದಲ್ಲೋ ಆನ್‌ಲೈನ್ ದಾಖಲೆಯ ಪ್ರಿಂಟಿನಲ್ಲೋ ತೆಗೆದುಕೊಳ್ಳಿ. ಆಮೇಲೆ ಏಜೆಂಟಿಗೆ ಹೇಳಿ ಎಸ್‌ಆರ್-22 ಮಾತ್ರ ತೆಗೆಸಿ. ನಾನ್-ಓನರ್ ಪಾಲಿಸಿಯನ್ನು ಕಾರು ಕೊಳ್ಳುವವರೆಗೆ ಇಟ್ಟುಕೊಂಡರೆ, ಮುಂದೆ ಸ್ವಂತ ಕಾರಿಗೆ ಕೋಟ್ ಕೇಳುವಾಗ ‘ಸತತ ಇನ್ಶೂರೆನ್ಸ್ ಇತ್ತಾ’ ಅನ್ನುವ ಪ್ರಶ್ನೆಗೆ ಹೌದು ಅನ್ನಬಹುದು. ದರದಲ್ಲಿ ಆ ಹೌದಿಗೆ ಬೆಲೆ ಇದೆ.